ಗಡಿಯಾರದ ಕೈ

ಹಗ್ಗದ ಮೇಸ್ತ್ರಿಗೆ ಎಡಗೈ ಯಾವುದು, ಬಲಗೈ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ನಗಬೇಡಿ. ಮನುಷ್ಯ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುವ ವಯಸ್ಸಿನವನು. ಕ್ರೇನಿನ ಉಕ್ಕಿನ ಹಗ್ಗವನ್ನು ಹಳೇ ಬನೀನಿನಿಂದ ಒರೆಸುತ್ತಾ ಹೋಗಿ, ಬಟ್ಟೆ ಸಿಕ್ಕಿಕೊಂಡ ಜಾಗದಲ್ಲಿ ಎಷ್ಟು ಎಳೆ ಹರಿದಿದೆ ಎಂದು ನೋಡದೆಯೇ ಹೇಳಬಲ್ಲ ಕಸುಬುದಾರ. ಆದರೆ "ಎಡಕ್ಕೆ ತಿರುಗು" ಎಂದುಬಿಟ್ಟರೆ ಕಕ್ಕಾಬಿಕ್ಕಿ. ಶಾಲೆಯ ಕವಾಯತಿನಲ್ಲಿ ಇಡೀ ಸಾಲು ಗೋಡೆ ನೋಡುತ್ತಿದ್ದರೆ ಇವನೊಬ್ಬ ಮೇಷ್ಟ್ರ ಮುಖ ನೋಡುತ್ತಿದ್ದ. ಮೇಷ್ಟ್ರು ಬೆತ್ತ ಹಿಡಿದು ಇವನ ಮುಖ ನೋಡುತ್ತಿದ್ದರು.

ಕೊನೆಗೆ ಮಾನ ಕಾಪಾಡಿದ್ದು ಮದುವೆಯ ಹೊಸತರಲ್ಲಿ ಹೆಂಡತಿ ಕಟ್ಟಿದ ಕೈಗಡಿಯಾರ. ಗಡಿಯಾರ ಇರುವ ಕೈ ಎಡ, ಬೋಳು ಕೈ ಬಲ, ಅಲ್ಲಿಗೆ ಮುಗಿಯಿತು. ಸ್ಕೂಟರಿನ ಹಿಂದೆ ಕೂತರೂ ಅವಳು "ರೀ, ಗಡಿಯಾರದ ಕಡೆ ತಿರುಗಿಸಿ" ಎನ್ನುತ್ತಿದ್ದಳೇ ಹೊರತು ಎಡ ಎಂದವಳಲ್ಲ. ಈ ಗುಟ್ಟು ಮನೆಯ ಹೊಸಿಲು ದಾಟಬಾರದು ಎಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದ. ಯಾಕೆ ಹಾಕಿಸಿಕೊಳ್ಳಬಾರದು? ಹಗ್ಗದ ಕೆಲಸದಲ್ಲಿ ಎಡಬಲ ಗೊತ್ತಿಲ್ಲ ಎಂದರೆ ಅಡುಗೆಯವನಿಗೆ ಉಪ್ಪು ಸಕ್ಕರೆ ಗೊತ್ತಿಲ್ಲ ಎಂದ ಹಾಗೆ. ಗೊತ್ತಾದ ದಿನವೇ ಕ್ರೇನ್ ಯಾರ್ಡಿನ ಯಜಮಾನರು ಕೈಗೆ ಸೀಟಿ ಕೊಟ್ಟು ಗೇಟು ಕಾಯಲು ಕೂರಿಸುತ್ತಾರೆ ಎಂಬ ಭಯ ಅವನಿಗೆ ಸದಾ ಇತ್ತು.

ಅದೃಷ್ಟಕ್ಕೆ ಯಾರ್ಡಿನಲ್ಲಿ ಯಾರೂ ಎಡ ಬಲ ಅನ್ನುತ್ತಲೇ ಇರಲಿಲ್ಲ. "ಗೇಟಿನ ಕಡೆ ತಗೋ", "ಗೋಡೆ ಕಡೆ ಬಿಡು", ಅಷ್ಟೆ. ಮೇಸ್ತ್ರಿಗೆ ಅದೊಂದು ಹೆಮ್ಮೆ. "ಎಡ ಬಲ ಎಲ್ಲಾ ಆಫೀಸಿನವರ ಶೋಕಿ ಕಣೇ. ದುಡಿಯೋರು ಹಂಗೆಲ್ಲ ಮಾತಾಡಲ್ಲ" ಎಂದು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದ. ಹೆಂಡತಿ ಈರುಳ್ಳಿ ಹೆಚ್ಚುತ್ತಾ "ಹೌದೌದು" ಎನ್ನುತ್ತಿದ್ದಳು.

ಹೀಗಿರುವಾಗ ಯಜಮಾನರು ಎಲ್ಲಿಂದಲೋ ಒಂದು ಹಳೇ ಕ್ರೇನು ತಂದು ನಿಲ್ಲಿಸಿದರು. ಅದರ ಹಗ್ಗ ಬನೀನನ್ನು ಚಿಂದಿ ಮಾಡಿತು. ಮೇಸ್ತ್ರಿ ಆ ಹಗ್ಗ ಬಿಚ್ಚಿಸಿ, ಮತ್ತೆ ಯಾರೂ ಯಾವುದಕ್ಕೂ ಕಟ್ಟದ ಹಾಗೆ ತುಂಡು ತುಂಡು ಮಾಡಿ ಗುಜರಿಗೆ ಹಾಕಿಸಿದ.

"ಹೊಸದು ಒಂದು ಸುತ್ತು ದಪ್ಪದ್ದೇ ಹಾಕಿಬಿಡಿ ಮೇಸ್ತ್ರಿ, ಗಟ್ಟಿ ಇರುತ್ತೆ," ಎಂದರು ಯಜಮಾನರು.

"ದಪ್ಪ ಆದ್ರೆ ಹಗ್ಗ ಓಡೋ ಗಾಲಿಯ ಕಾಲುವೇಲಿ ಕೂರಲ್ಲ, ಯಜಮಾನ್ರೇ. ನಿಮ್ಮ ಪಾದಕ್ಕೆ ಏಳನೇ ನಂಬರು ಚಪ್ಪಲಿ. ಹತ್ತು ಗಟ್ಟಿ ಅಂತ ಹಾಕ್ಕೋತೀರಾ?"

ಯಜಮಾನರು ಬಗ್ಗಿ ತಮ್ಮ ಚಪ್ಪಲಿ ನೋಡಿಕೊಂಡರು.

ದಪ್ಪ ಸರಿ. ಇನ್ನು ಹುರಿ, ಅಂದರೆ ಎಳೆಗಳನ್ನು ಹೊಸೆದ ದಿಕ್ಕು. ಉಕ್ಕಿನ ಹಗ್ಗದಲ್ಲಿ ಎಡಹುರಿ, ಬಲಹುರಿ ಎಂದು ಎರಡು ಬಗೆ. ಹಗ್ಗ ಸುತ್ತುವ ಡ್ರಮ್ಮಿಗೆ ಒಪ್ಪುವ ಹುರಿಯಾದರೆ ಸುತ್ತಿಗೆ ಸುತ್ತು ಅಂಟಿಕೊಂಡು ಕೂರುತ್ತದೆ. ಒಪ್ಪದಿದ್ದರೆ ಸುತ್ತುಗಳು ಸಂದು ಬಿಟ್ಟು, ಒಂದರ ಮೇಲೊಂದು ಹತ್ತಿ, ಭಾರ ಬಿದ್ದಾಗ ಜಜ್ಜಿಹೋಗುತ್ತವೆ. ಇದಕ್ಕೊಂದು ಕೈಲೆಕ್ಕ ಇದೆ: ಮುಷ್ಟಿಯೇ ಡ್ರಮ್ಮು, ಚಾಚಿದ ತೋರುಬೆರಳು ಹಗ್ಗ ಹೊರಡುವ ದಿಕ್ಕು, ಹೆಬ್ಬೆರಳು ಹಗ್ಗದ ತುದಿ ಸಿಕ್ಕಿಸುವ ಬದಿ. ಯಾವ ಕೈಯಲ್ಲಿ ಇದೆಲ್ಲ ಹೊಂದುತ್ತದೋ ಆ ಕೈಯ ಹುರಿ ತರಬೇಕು. ಮೇಸ್ತ್ರಿ ಡ್ರಮ್ಮಿನ ಹಿಂದೆ ನಿಂತು ಒಂದೊಂದೇ ಕೈ ಇಟ್ಟು ನೋಡಿದ. ಒಂದು ಹೊಂದಿತು. ಗಡಿಯಾರ ಇದೆಯೇ? ಇಲ್ಲ. ಬೋಳು ಕೈ. ಬೋಳು ಎಂದರೆ ಬಲ.

ಅಂಗಡಿಗೆ ಫೋನು ಹೋಯಿತು. "ಎಡಾನೋ ಬಲಾನೋ?" ಎಂದ ಅಂಗಡಿಯವನು.

"ಬಲದ್ದು ಕಳಿಸಿ," ಎಂದ ಮೇಸ್ತ್ರಿ.

"ಮತ್ತೆ? ಬಲ ಇಲ್ಲದ್ದು ಕಟ್ಕೊಂಡು ಏನು ಮಾಡೋಣ!" ಎಂದು ಯಜಮಾನರು ಪಕ್ಕದಿಂದ ಕೂಗಿ, ತಮ್ಮ ಜೋಕಿಗೆ ತಾವೇ ಹೊಟ್ಟೆ ಕುಣಿಸಿ ನಕ್ಕರು.

ಇಲ್ಲಿ ನಾನೊಂದು ವಿಷಯ ಹೇಳಲೇಬೇಕು. ಅವತ್ತು ಬೆಳಿಗ್ಗೆ ಮೇಸ್ತ್ರಿ ಪೇಪರು ಓದುತ್ತಾ ಬಿಸಿ ಬಿಸಿ ಚಹಾವನ್ನು ಮಣಿಕಟ್ಟಿನ ಮೇಲೆ ಸುರಿದುಕೊಂಡಿದ್ದ. ಹೆಂಡತಿ ಬೈಯುತ್ತಾ ಮುಲಾಮು ಹಚ್ಚಿ, ಗಡಿಯಾರ ಬಿಚ್ಚಿ, ಇನ್ನೊಂದು ಕೈಗೆ ಕಟ್ಟಿದ್ದಳು. ಕಟ್ಟಿದವಳೂ ಮರೆತಳು, ಕಟ್ಟಿಸಿಕೊಂಡವನೂ ಮರೆತ.

ಮಾರನೆ ದಿನ ಹಗ್ಗ ಬಂತು. ಮೇಸ್ತ್ರಿ ಅದರ ಸುರುಳಿಯನ್ನು ಸ್ಟ್ಯಾಂಡಿಗೆ ಏರಿಸಿ, ಒಂದೂ ಗಂಟು ಬೀಳದಂತೆ, ಹಸುಗೂಸಿಗೆ ಅಂಗಿ ತೊಡಿಸುವಷ್ಟು ನಾಜೂಕಾಗಿ ಡ್ರಮ್ಮಿಗೆ ಹತ್ತಿಸಿದ. ಹಗ್ಗದ ತುಂಬ ಗ್ರೀಸು, ಪಕ್ಕದಲ್ಲಿ "ಬೇಗ, ಬೇಗ" ಎನ್ನುವ ಯಜಮಾನರು. ಕ್ಯಾಬಿನ್ನಿನಲ್ಲಿ ಕೂತಿದ್ದ ಡ್ರೈವರು ಬೇರೆ ಯಾರೂ ಅಲ್ಲ, ಹೆಂಡತಿಯ ಸ್ವಂತ ತಮ್ಮ. ಕೆಳಗೆ ಆನೆ ಗಾತ್ರದ ಬಾಯ್ಲರು ಎತ್ತಿಸಿಕೊಳ್ಳಲು ಕಾದಿತ್ತು.

ಮೊದಲು ಖಾಲಿ ಕೊಕ್ಕೆಯನ್ನೇ ಎತ್ತಿಸಿದರು. ಡ್ರಮ್ಮಿನ ಮೇಲೆ ಸುತ್ತುಗಳು ಮುನಿಸಿಕೊಂಡ ಗಂಡ ಹೆಂಡಿರ ಹಾಗೆ ದೂರ ದೂರ ಮಲಗಿದ್ದವು.

"ಹೊಸದಲ್ವಾ, ಪಳಗಬೇಕು. ಬಾಯ್ಲರ್ ಎತ್ತಿ!" ಎಂದರು ಯಜಮಾನರು.

ಮೇಸ್ತ್ರಿ ಎರಡೂ ಕೈ ಎತ್ತಿ ಬೀಸಿದ. ನಿಲ್ಲಿಸು ಎನ್ನುವ ಸನ್ನೆಗೆ ಎರಡೂ ಕೈ ಬೇಕು, ಪುಣ್ಯ. ಕ್ರೇನು ನಿಂತಿತು. ಬೀಸಿದ ಕೈಗಳಲ್ಲಿ ಒಂದು ಚುರುಚುರು ಎನ್ನುತ್ತಿತ್ತು. ನೋಡಿದ. ಸುಟ್ಟ ಗಾಯ. ಇನ್ನೊಂದರಲ್ಲಿ ಗಡಿಯಾರ. ಅಯ್ಯೋ ದೇವರೇ!

"ಹುರಿ ತಪ್ಪಿದೆ," ಎಂದ.

ಯಜಮಾನರು ಕೆಂಡವಾದರು. ಅಂಗಡಿಗೆ ಫೋನು ಹಚ್ಚಿ, ಯಾರ್ಡಿಗೆಲ್ಲ ಕೇಳುವಂತೆ ಸ್ಪೀಕರಿಗೆ ಹಾಕಿ, ಅಂಗಡಿಯವನ ಜನ್ಮ ಜಾಲಾಡಿದರು.

"ಸ್ವಾಮಿ, ಬಲ ಅಂದಿದ್ದು ನಿಮ್ಮ ಮೇಸ್ತ್ರೀನೇ!"

"ಸುಳ್ಳು! ಬಲ ಅಂದಿದ್ದು ಗಟ್ಟಿ ಇರಲಿ ಅಂತ! ಅಷ್ಟು ವರ್ಷದ ಕಸುಬುದಾರ ತಪ್ಪು ಹೇಳ್ತಾನಾ? ಮೇಸ್ತ್ರಿ, ನೀವು ಎಡ ಅಂದ್ರಿ ಅಲ್ವಾ?"

ತಲೆ ಆಡಿಸಿದ್ದರೆ ಸಾಕಿತ್ತು. ತಪ್ಪು ಅಂಗಡಿಯವನ ತಲೆಗೆ ಕಟ್ಟಿದಂತಾಗುತ್ತಿತ್ತು, ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಮೇಸ್ತ್ರಿ ಕ್ಯಾಬಿನ್ನಿನ ಕಡೆ ನೋಡಿದ. ಬಾಯ್ಲರಿನ ಕಡೆ ನೋಡಿದ.

"ನಾನೇ ಬಲ ಅಂದಿದ್ದು, ಯಜಮಾನ್ರೇ. ನಂಗೆ... ನಂಗೆ ಎಡ ಬಲ ಗೊತ್ತಾಗಲ್ಲ. ಯಾವತ್ತೂ ಗೊತ್ತಾಗಿಲ್ಲ. ಬೇಕಾದ್ರೆ ಇವತ್ತೇ ಗೇಟಿಗೆ ಕೂರಿಸಿ."

ಭಾವಮೈದ ಕ್ಯಾಬಿನ್ನಿನಿಂದ ತಲೆ ಹೊರಹಾಕಿದ.

"ಭಾವಾ, ಅದು ಎಲ್ರಿಗೂ ಗೊತ್ತಲ್ಲಾ!"

"ಏನು ಗೊತ್ತು?"

"ನಿಮ್ಮ ಮದುವೆ ಆದ ತಿಂಗಳೇ ಅಕ್ಕ ಹೇಳಿದ್ಲು. ಯಾರ ಹತ್ರಾನೂ ಹೇಳಬೇಡ ಅಂತಾನೇ ಹೇಳಿದ್ಲು. ನಾನೂ ಎಲ್ರಿಗೂ ಹಂಗೇ ಹೇಳಿದೆ."

"ಮತ್ತೆ ಗೇಟಿನ ಕಡೆ, ಗೋಡೆ ಕಡೆ ಅಂತ..."

"ಇನ್ನೇನು ಮಾಡೋದು? ಬೇರೆ ಯಾವ ಯಾರ್ಡಲ್ಲೂ ಹಂಗೆ ಮಾತಾಡಲ್ಲ ಭಾವಾ. ಹೊಸಬರು ಬಂದ ಮೊದಲನೇ ದಿನಾನೇ ಕಲಿಸಿಬಿಡ್ತೀವಿ."

ಮೇಸ್ತ್ರಿ ಸುತ್ತ ನೋಡಿದ. ವೆಲ್ಡರು ಕೆಮ್ಮಿದ. ಸ್ಟೋರಿನವನು ಆಕಾಶ ನೋಡಿದ. ಮೇಸ್ತ್ರಿಯ ಕಣ್ಣು ತುಂಬಿ ಬಂತು, ಜೊತೆಗೆ ಹೆಂಡತಿಯ ಮೇಲೆ ಭಯಂಕರ ಸಿಟ್ಟೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಮಾಡುವುದು ಎಂದು ತಿಳಿಯದೆ ಬನೀನಿನ ಚಿಂದಿಯಲ್ಲಿ ಮೂಗು ಒರೆಸಿಕೊಂಡು, ಮುಖಕ್ಕೆಲ್ಲ ಗ್ರೀಸು ಬಳಿದುಕೊಂಡ.

"ನಂಗೊಬ್ಬನಿಗೇ ಗೊತ್ತಿರಲಿಲ್ವಾ?" ಎಂದು ಯಜಮಾನರು ಹ್ಯಾಪುಮೋರೆ ಹಾಕಿದರು. "ನಾನೆಲ್ಲೋ ಅದು ಕ್ರೇನಿನವರ ಭಾಷೆ ಅಂತ ತಿಳ್ಕೊಂಡು, ಮನೇಲೂ ಹಂಗೇ ಮಾತಾಡ್ತಿದ್ದೆ."

ಫೋನಿನಲ್ಲಿ ಅಂಗಡಿಯವನು ಇನ್ನೂ ಕೂಗುತ್ತಿದ್ದ: "ಸ್ವಾಮಿ, ಬದಲಾಯಿಸಿ ಕೊಡ್ತೀನಿ. ಈಗಲಾದ್ರೂ ನೆಟ್ಟಗೆ ಹೇಳಿ. ಎಡಾನೋ ಬಲಾನೋ?"

ಯಜಮಾನರು ಫೋನನ್ನು ಮೇಸ್ತ್ರಿಯ ಮುಂದೆ ಹಿಡಿದು, "ಹಗ್ಗ ನಿಮ್ಮದು, ನೀವೇ ಹೇಳಿ" ಎಂದರು.

ಮೇಸ್ತ್ರಿ ಮತ್ತೆ ಡ್ರಮ್ಮಿನ ಹಿಂದೆ ಹೋಗಿ ನಿಂತ. ಮುಷ್ಟಿ ಕಟ್ಟಿದ, ಬೆರಳು ಚಾಚಿದ, ಹೊಂದಿದ ಕೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದ. ಸುಟ್ಟ ಕೈ.

"ಎಡಾ!" ಎಂದು ಇಡೀ ಯಾರ್ಡು ಒಟ್ಟಿಗೆ ಕೂಗಿತು.