ಪದಗಳನ್ನು ಮನೆಗೆ ಕರೆತಂದ ಜುವಾಂಗ್ ಲೀಯುನ್

ತೈನಾನ್ ನಗರದಲ್ಲಿ, ಹೊರದೇಶದ ವ್ಯಾಸಂಗಕ್ಕಾಗಿ ಇಂಗ್ಲಿಷ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಕಠಿಣ ಪದಗಳನ್ನು ಕಲಿಸಿದವರು ಅನೇಕರಿದ್ದಾರೆ. ಆ ಪದಗಳಿಗೆ ಮನೆಯೊಳಗೆ ಮಣೆ ಹಾಕಿ ಕೂರಿಸಿದವರು ಶ್ರೀಮತಿ ಜುವಾಂಗ್ ಲೀಯುನ್ ಅವರೊಬ್ಬರೇ. ಅವರಿದ್ದ ಪಾಠಶಾಲೆಯಲ್ಲೇ ಗಣಿತ ಹೇಳುತ್ತಿದ್ದ ನಾನು, ಕರುಣೆಯ ದೇವಿ ಗ್ವಾನ್‌ಯಿನ್ ತಾಯಿಗೆ ಕೈಮುಗಿದು, ಅವರ ನಿವೃತ್ತಿಯ ಈ ಸಂಪುಟಕ್ಕೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ಅವರು ಸೇರಿದ ಕಾಲಕ್ಕೆ ಮಕ್ಕಳು ಒಂದೊಂದು ಇಂಗ್ಲಿಷ್ ಪದಕ್ಕೂ ಒಂದು ಚೀನೀ ಪದವನ್ನು ಗಂಟುಹಾಕಿ ಸಾವಿರಗಟ್ಟಲೆ ಉರುಹೊಡೆಯುತ್ತಿದ್ದರು. ಒಬ್ಬ ಹುಡುಗ ಅಜ್ಜಿಯನ್ನು ಹೊಗಳುತ್ತಾ 'ಆಬ್ಸೊಲೀಟ್' ಎಂದು ಬರೆದಿದ್ದ. ಅವನು ಕಲಿತ ಅರ್ಥ 'ಹಳೆಯದು' ಎಂದಷ್ಟೇ; ಬಳಕೆ ತಪ್ಪಿ ಮೂಲೆಗೆ ಬಿದ್ದದ್ದು ಎಂಬುದು ಅವನಿಗೆ ಗೊತ್ತಿರಲಿಲ್ಲ.

"ಅಯ್ಯೋ ಮಾರಾಯ, ಅಜ್ಜೀನ ಗುಜರಿಗೆ ಹಾಕ್ಬಿಟ್ಯಲ್ಲೋ!" ಎಂದು ಲೀಯುನ್ ನಕ್ಕರು.

ಅಂದಿನಿಂದ ಅವರದೊಂದು ನಿಯಮ. ಮಕ್ಕಳು, ಇಂಗ್ಲಿಷ್ ಬಾರದ ಮನೆಯವರೊಬ್ಬರಿಗೆ, ಮನೆಮಾತಿನಲ್ಲಿ, ಅವರು ಬಲ್ಲ ಮನುಷ್ಯನನ್ನೋ ವಸ್ತುವನ್ನೋ ತೋರಿಸಿ ಪದವನ್ನು ತಿಳಿಸಬೇಕು. ಆ ಮನೆಯವರು ಒಪ್ಪಿದರೆ ಮಾತ್ರ ಕಲಿತಂತೆ.

ನನ್ನ ಪತ್ನಿ ಚಿನ್‌ಮೇ ಹಾಸಿಗೆ ಹಿಡಿದಾಗ, ಲೀಯುನ್ ಅವರ ಬಳಿಯೇ ಕಲಿಯುತ್ತಿದ್ದ ಮಗಳು ಪೇಷಾನ್ ಪುಸ್ತಕ ಮುಚ್ಚಿಟ್ಟಳು. "ಅಮ್ಮನ್ನ ಬಿಟ್ಟುಹೋಗೋಕೆ ನಾನು ಓದ್ಬೇಕಾ?" ಎಂದಳು. ವಿಷಯ ತಿಳಿದ ಲೀಯುನ್ ಪೇರಲೆಹಣ್ಣು ಹಿಡಿದು ಬಂದು, ಮಂಚದ ಬಳಿಗೆ ಸ್ಟೂಲು ಎಳೆದು ಮಗಳನ್ನು ಕೂರಿಸಿದರು.

"ಚಿನ್‌ಮೇ ಅಕ್ಕಾ, ಇನ್ಮೇಲೆ ನೀವೇ ಮೇಷ್ಟ್ರು. ಸುಲಭಕ್ಕೆ ಪಾಸ್ ಮಾಡ್ಬೇಡಿ."

ಮಗಳು ಶುರುಮಾಡಿದಳು: "ಆಬ್ಸ್ಟಿನೇಟ್ ಅಂದ್ರೆ, ಅಮ್ಮಾ, ಒಬ್ರಿದಾರಲ್ಲ, ದಾರಿ ತಪ್ಪಿದೀನಿ ಅಂತ ಗೊತ್ತಿದ್ರೂ ಸ್ಕೂಟರ್ ನಿಲ್ಲಿಸಿ ಯಾರನ್ನೂ ಕೇಳಲ್ಲ..."

"ಸಾಕು ಬಿಡೇ, ನಿಮ್ಮಪ್ಪ ತಾನೆ? ಪಾಸು!"

ಅಡುಗೆಮನೆಯಲ್ಲಿ ಕಷಾಯ ಸೋಸುತ್ತಿದ್ದ ನಾನೂ ನಕ್ಕುಬಿಟ್ಟೆ. ಓದು ಮಗಳನ್ನು ತಾಯಿಯಿಂದ ದೂರ ಒಯ್ಯಲಿಲ್ಲ. ಕೊನೆಯ ತಿಂಗಳುಗಳಲ್ಲಿ ಅವಳ ಪಕ್ಕದಲ್ಲೇ ಕೂರಿಸಿತು.

ಪರೀಕ್ಷೆಗೆ ಮೊದಲೇ ಚಿನ್‌ಮೇ ಅಮಿತಾಭ ಬುದ್ಧನ ಪಾದ ಸೇರಿದಳು. ಮಗಳು ಅಳಲಿಲ್ಲ. ಪರೀಕ್ಷೆಯ ಬೆಳಿಗ್ಗೆ ಕರೆಯಲು ಬಂದ ಲೀಯುನ್ ಅವರಿಗೆ, "ಇನ್ಯಾರಿಗೆ ಹೇಳ್ಲಿ ಟೀಚರ್? ನಾನು ಬರಲ್ಲ" ಎಂದಳು.

"ಬರ್ದು ಬಾ. ಹೊರಗೆ ನಾನಿರ್ತೀನಿ. ಅಮ್ಮಂಗೆ ಹೇಳೋಕಾಗ್ದೆ ಉಳಿದಿದ್ದನ್ನ ನಂಗೆ ಹೇಳು."

ಬಿಸಿಲಿನಲ್ಲಿ, ಪರೀಕ್ಷಾ ಕಟ್ಟಡದ ಮೆಟ್ಟಿಲ ಮೇಲೆ, ಅವರು ಮುಗಿಯುವವರೆಗೂ ಕುಳಿತಿದ್ದರು. ನಾನೂ ಅಲ್ಲೇ ಜಪಮಣಿ ಎಣಿಸುತ್ತಿದ್ದೆ. ಮಗಳು ಹೊರಬಂದು ಅವರ ಪಕ್ಕ ಕುಳಿತಳು.

"ಇಂಡೆಲಿಬಲ್ ಬಂದಿತ್ತು ಟೀಚರ್. ಅಳಿಸಿದ್ರೂ ಹೋಗದೇ ಇರೋದು. ಅಮ್ಮನ ಅಂಗಿ ತೋಳಲ್ಲಿ ಸೋಯಾ ಸಾಸಿನ ಕಲೆ ಇದೆ, ಎಷ್ಟು ತಿಕ್ಕಿದೆ ಗೊತ್ತಾ? ಹೋಗ್ಲಿಲ್ಲ. ಈಗ... ಹೋಗದಿದ್ರೇ ಒಳ್ಳೇದು ಅನ್ಸತ್ತೆ."

ಅಂತ್ಯಕ್ರಿಯೆಯಲ್ಲಿ ಬಾರದ ಅಳು ಆಗ ಬಂತು. ಲೀಯುನ್ ಅವಳ ತಲೆಯನ್ನು ಮಡಿಲಿಗೆಳೆದುಕೊಂಡರು. ಅಂಕಗಳೂ ಚೆನ್ನಾಗಿಯೇ ಬಂದವು. ಆದರೆ ನಾನು ಋಣಿಯಾಗಿರುವುದು ಆ ಅಳುವಿಗೆ.

ಗ್ವಾನ್‌ಯಿನ್ ತಾಯಿ ಈ ಗುರುವಿನ ಕಣ್ಣು, ಕಾಲು, ಕಂಠಗಳನ್ನು ಬಹುಕಾಲ ಕಾಯಲಿ. ಶಾಲೆಯನ್ನು ಬಿಟ್ಟರೂ ಅವರು ಆ ಮೆಟ್ಟಿಲನ್ನು ಬಿಡದಿರಲಿ. ಒಳಗೆ ಬರೆಯುತ್ತಿರುವ ಯಾವುದೋ ಮಗುವಿಗೆ, ಹೊರಗೆ ತನಗಾಗಿ ಒಬ್ಬರು ಕಾದಿದ್ದಾರೆಂಬುದು ತಿಳಿದಿರಲಿ.