ಗೋಡೆಯಾಚೆಯ ಮೆಷಿನ್ನು

ಆ ಬೀದಿಯವರೆಲ್ಲ ಅವಳನ್ನು ಹೊಲಿಗೆ ಅಕ್ಕ ಎನ್ನುತ್ತಿದ್ದರು. ಹದಿನಾರು ವರ್ಷದಿಂದ ಒಂದೇ ಕಾಲುಮೆಷಿನ್ನಿನಲ್ಲಿ ದುಡಿದವಳು. ಹೆಂಗಸರ ಉಳಿತಾಯ ಸಂಘಕ್ಕೆ ಪಕ್ಕದ ಮನೆಯ ವಾರಗಿತ್ತಿಯನ್ನು ಕೈ ಹಿಡಿದು ಕರೆದೊಯ್ದವಳೂ ಅವಳೇ, ಗುಂಡಿ ಹಚ್ಚುವುದರಿಂದ ಹಿಡಿದು ಹೊಲಿಗೆ ಕಲಿಸಿದವಳೂ ಅವಳೇ.

ಎರಡು ವರ್ಷವಾಗುವಷ್ಟರಲ್ಲಿ ವಾರಗಿತ್ತಿ ಸಂಘದ ಸಾಲದಲ್ಲಿ ಮೋಟರ್ ಮೆಷಿನ್ನು ತಂದಳು. ಗೋಡೆಯಾಚೆ ಅದು ಗುರ್ರೆಂದಾಗಲೆಲ್ಲ ಅಕ್ಕನ ಕಾಲು ತಾನಾಗಿ ನಿಂತುಬಿಡುತ್ತಿತ್ತು. ಸಾಲ ಕೇಳುವ ಧೈರ್ಯ ತನಗೆ ಬರಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೊಟ್ಟೆ ಉರಿಯುತ್ತಿದ್ದುದೂ ಅದಕ್ಕೇ. ವಾರಗಿತ್ತಿ ಹೊಲಿದ ರವಿಕೆ ಕೈಗೆ ಸಿಕ್ಕರೆ ಒಳಮಗ್ಗುಲು ತಿರುಗಿಸಿ, ಬಿಟ್ಟ ಹೊಲಿಗೆ ಹುಡುಕುತ್ತಿದ್ದಳು. ಒಂದೂ ಸಿಗುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಯಾಕಾದರೂ ಕಲಿಸಿದೆನೋ ಎನಿಸುತ್ತಿತ್ತು.

ಒಂದು ದಿನ ಆಸ್ಪತ್ರೆಯವರು ರೋಗಿಗಳಿಗೆ ಮುನ್ನೂರು ನಿಲುವಂಗಿ ಹೊಲಿದುಕೊಡುವಂತೆ ವಾರಗಿತ್ತಿಯನ್ನು ಕೇಳಿದರು. ಬಟ್ಟೆಗೆ ಮತ್ತೆ ಸಾಲ ಬೇಕಿತ್ತು. ಸಭೆಯ ದಿನ ಅವಳು ಮಾದರಿ ತೋರಿಸಲು ಆಸ್ಪತ್ರೆಗೆ ಹೋಗಿದ್ದಳು. ಶಾಲೆಯಲ್ಲಿ ಆಯಾ ಆಗಿದ್ದವಳೇ ಸಂಘದ ಅಧ್ಯಕ್ಷೆ. ಮೊದಲ ಸಾಲದ ಮೆಷಿನ್ನು ಸರಿಯಾಗಿ ಓಡುತ್ತಿದೆಯೇ ಎಂದು ಅವಳು ಪಕ್ಕದ ಮನೆಯ ಅಕ್ಕನನ್ನೇ ಕೇಳಿದಳು.

"ಆ ಮೆಷಿನ್ನು ಮೂಲೇಲಿ ಧೂಳು ತಿಂತಿದೆ. ಕೊಡೋದು ಬಿಡೋದು ನಿಮ್ಮಿಷ್ಟ," ಎಂದಳು ಅಕ್ಕ.

ಸಾಲ ನಿಂತಿತು. ಸಂಜೆ ವಾರಗಿತ್ತಿ ನೇರ ಅಕ್ಕನ ಮನೆಗೇ ಬಂದು ಕುಸಿದು ಕೂತಳು.

"ಯಾರೋ ಚಾಡಿ ಹೇಳಿದ್ದಾರೆ ಅಕ್ಕ. ಬಟ್ಟೆ ಕತ್ತರಿಸೋದು ನೀವೇ ಅಂತ ಆಸ್ಪತ್ರೇಲಿ ಹೇಳಿ ಬಂದಿದ್ದೆ. ನಿಮ್ಮ ಕೈ ನಂಗೆಲ್ಲಿ ಬರುತ್ತೆ?"

ನನಗೇ ಕೆಲಸ ಕೊಡುವಷ್ಟು ದೊಡ್ಡವಳಾದಳೇ ಎಂದು ಅಕ್ಕನಿಗೆ ಮೊದಲು ಮೈಯೆಲ್ಲ ಉರಿಯಿತು. ರಾತ್ರಿ ಅನ್ನ ಮುಂದಿಟ್ಟುಕೊಂಡು ಕೂತಾಗ, ಅವಳು "ನಿಮ್ಮ ಕೈ" ಎಂದದ್ದೇ ನೆನಪಾಗಿ ತಟ್ಟೆ ಸರಿಸಿ ಎದ್ದಳು.

ಮರುದಿನ ಆಯಾಳ ಬಳಿ ಹೋಗಿ ತಾನು ಹೇಳಿದ್ದು ಸುಳ್ಳೆಂದಳು. ಎಲ್ಲರೆದುರೇ ಹೇಳಬೇಕೆಂದು ಆಯಾ ಮತ್ತೆ ಸಭೆ ಕರೆದಳು. ವಾರಗಿತ್ತಿಯೂ ಅಲ್ಲಿದ್ದಳು.

"ಮೆಷಿನ್ನು ದಿನಾ ಓಡ್ತಿದೆ," ಎಂದಳು ಅಕ್ಕ. "ನಂಗೆ ಹೊಟ್ಟೆಕಿಚ್ಚು, ಅಷ್ಟೇ."

ಸಾಲ ಸಿಕ್ಕಿತು. ಅಷ್ಟರಲ್ಲಿ ಆಸ್ಪತ್ರೆಯವರು ಅರ್ಧ ಕೆಲಸ ಬೇರೆಯವರಿಗೆ ಕೊಟ್ಟಾಗಿತ್ತು. ವಾರಗಿತ್ತಿ ಬಟ್ಟೆಯ ಗಂಟು ತಂದು ಅಕ್ಕನ ಮುಂದೆ ಇಟ್ಟಳು. "ಅಳತೆ ಒಳಗಿದೆ" ಎಂದವಳೇ ತನ್ನ ಮನೆಗೆ ಹೊರಟಳು. ಹನ್ನೊಂದು ದಿನ ಒಬ್ಬಳು ಕತ್ತರಿಸಿದಳು, ಇನ್ನೊಬ್ಬಳು ಹೊಲಿದಳು.

ನಿಲುವಂಗಿಗಳನ್ನು ಒಪ್ಪಿಸಲು ಇಬ್ಬರೂ ಹೋದರು. ದೊಡ್ಡ ನರ್ಸು ಒಂದನ್ನು ಬಿಡಿಸಿ, ಹೊಲಿಗೆ ಬಲು ಅಚ್ಚುಕಟ್ಟು ಎಂದು ವಾರಗಿತ್ತಿಯನ್ನು ಹೊಗಳಿದಳು. ಅಕ್ಕನಿಗೆ ಮತ್ತೆ ಚುರ್ರೆಂದಿತು.

"ಕತ್ತರಿಸಿದ್ದು ನಾನು," ಎಂದುಬಿಟ್ಟಳು.

ವಾರಗಿತ್ತಿ ನಗಲಿಲ್ಲ. ಆದರೆ ಹೌದೆಂದು ತಲೆಯಾಡಿಸಿದಳು.