ಚಾಚಾ ಇಳಿದ ಹೊಳೆ

ಮೊನ್ನೆ ಇಳಕಲ್ಲಿನಲ್ಲಿ ಮಗಳ ಸೈಕಲ್ಲಿಗೆ ಪಂಕ್ಚರ್ ಹಾಕಿಸಲು ನಿಂತಿದ್ದೆ. ಅಂಗಡಿಯವನು ಟ್ಯೂಬನ್ನು ಉಜ್ಜಿ, ಬೆರಳಿನಿಂದ ಸೊಲ್ಯೂಷನ್ ಸವರಿ, ಉಫ್ ಎಂದು ಊದಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. 'ನೀ ಹಾಕಿಡು, ಬರ್ತೇನಿ' ಎಂದು ಬಸ್ ಸ್ಟ್ಯಾಂಡಿನವರೆಗೆ ಸುಮ್ಮನೆ ನಡೆದುಹೋದೆ.

ಹುನಗುಂದದಲ್ಲಿ ನಮ್ಮ ಮನೆಯ ಮಗ್ಗುಲಲ್ಲೇ ಸೈಕಲ್ ಅಂಗಡಿ ಇಟ್ಟಿದ್ದ ಚಾಚಾ ಸದಾ ಆ ವಾಸನೆಯಲ್ಲೇ ಇರುತ್ತಿದ್ದರು. ಅಂಗಿಗೂ ಅದೇ, ಅವರು ಕೊಡುವ ಚಹಾದ ಕಪ್ಪಿಗೂ ಅದೇ. ದಾಂಡೇಲಿ ಕಡೆಯ ಯಾವುದೋ ರೆಸಾರ್ಟಿನವರು ತಳ ಸೀಳಿತೆಂದು ಬಿಸಾಡಿದ್ದ ಕಯಾಕನ್ನು, ಒಬ್ಬನೇ ಕೂತು ಹುಟ್ಟು ಹಾಕುವ ಆ ಉದ್ದನೆಯ ಪ್ಲಾಸ್ಟಿಕ್ ದೋಣಿಯನ್ನು, ಅವರು ಟೆಂಪೋದಲ್ಲಿ ಹೇರಿಕೊಂಡು ಬಂದಾಗ ಓಣಿಯೆಲ್ಲ ನಕ್ಕಿತು. 'ಚಾಚಾ, ಹೊಳಿಗೂ ಪಂಕ್ಚರ್ ಹಾಕ್ತೀರೇನ್ರಿ?' ಎಂದು ಕೇಳಿದವನು ನಾನೇ. ಅವರು ತಲೆ ಎತ್ತದೆ ತೇಪೆ ಹಚ್ಚುತ್ತಲೇ ಇದ್ದರು.

'ನಲವತ್ತ ವರ್ಷ ಮಂದಿ ಗಾಲಿಗೆ ಗಾಳಿ ತುಂಬಿ ಕಳಿಸೇನಿ. ನಾ ಎಲ್ಲಿ ಹೋಗೇನಿ ಹೇಳು? ಒಮ್ಮೆ ಹೋಗಿ ಬರ್ತೇನಿ.'

ಕುಳಗೇರಿ ಕ್ರಾಸಿನ ಆಚೆ ಮಲಪ್ರಭೆಗೆ ಇಳಿದು, ಬಾದಾಮಿ ಸೀಮೆ ದಾಟಿ, ಕೂಡಲಸಂಗಮದವರೆಗೆ ಒಬ್ಬರೇ ಹೋಗಬೇಕೆಂಬುದು ಅವರ ಆಸೆ. ನಾಲ್ಕು ದಿನದ ದಾರಿ. ಅವರಿಗೆ ಅಂಜಿಕೆಯಿದ್ದದ್ದು ಹೊಳೆಗೆ ಅಡ್ಡ ಕಟ್ಟಿದ ಬ್ಯಾರೇಜುಗಳದ್ದು ಮಾತ್ರ. ಬೇಸಿಗೆಯಲ್ಲಿ ನೀರು ನಿಲ್ಲಿಸಲು ಅವುಗಳ ಕಂಬಗಳ ನಡುವೆ ಕಬ್ಬಿಣದ ಹಲಗೆಗಳನ್ನು ಇಳಿಸಿರುತ್ತಾರೆ, ಮಳೆ ಹಿಡಿದಾಗ ತೆಗೆಯುತ್ತಾರೆ. ತೆಗೆದಿದ್ದರೆ ದೋಣಿ ಸೀದಾ ದಾಟುತ್ತದೆ. ಇಲ್ಲವಾದರೆ ಮೊದಲೇ ದಂಡೆಗೆ ಬಂದು, ದೋಣಿ ಹೊತ್ತು ಸುತ್ತುಹಾಕಬೇಕು. ಚಾಚಾನಿಗೆ ದೂರದ್ದು ಕಾಣುತ್ತಿರಲಿಲ್ಲ. ಅದಕ್ಕೇ ನಾನು ಬೈಕಿನಲ್ಲಿ ಮುಂದೆ ಹೋಗಿ, ಒಂದೊಂದು ಬ್ಯಾರೇಜನ್ನೂ ನೋಡಿ, ಫೋನಿನಲ್ಲಿ ಹೇಳಬೇಕೆಂದು ಮಾತಾಯಿತು. ಹೊರಡುವಾಗ ಚಾಚಿ ನನ್ನ ಕೈ ಹಿಡಿದುಕೊಂಡು, 'ಅವರ ಕಣ್ಣು ನೀನ ತಮ್ಮಾ' ಎಂದಿದ್ದರು.

ಮೊದಲ ಎರಡು ದಿನ ನಿಯತ್ತಿನಿಂದಲೇ ನೋಡಿದೆ. ಸೇತುವೆಯ ಮೇಲೆ ನಿಂತರೆ ಕೆಂಪು ನೀರಿನಲ್ಲಿ ಹಳದಿ ದೋಣಿ ಬರುತ್ತಿತ್ತು. ಚಾಚಾ ಹುಟ್ಟು ಎತ್ತಿ ತೋರಿಸುತ್ತಿದ್ದರು. ಆ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ...

ಮೂರನೆಯ ದಿನ ಐಹೊಳೆಯ ಕೆಳಗಿನ ಬ್ಯಾರೇಜಿಗೆ ಹೋಗಬೇಕಿತ್ತು. ಹೋಗಲಿಲ್ಲ. ಮಳೆ ಜಿನುಗುತ್ತಿತ್ತು, ರಸ್ತೆಯೆಲ್ಲ ಕೆಸರು, ನನಗೆ ಮೈಗಳ್ಳತನ. ಹುನಗುಂದದ ಖಾನಾವಳಿಯಲ್ಲಿ ಬಿಸಿ ರೊಟ್ಟಿ ಮುರಿಯುತ್ತ ಕೂತಿದ್ದಾಗ ಫೋನ್ ಬಂತು.

'ಹಲಗಿ ತೆಗದಾರೇನಲೇ?'

'ತೆಗದಾರ್ರಿ ಚಾಚಾ. ಸೀದಾ ಬರ್ರಿ' ಅಂದುಬಿಟ್ಟೆ. ಪ್ರತಿ ವರ್ಷ ಆ ಹೊತ್ತಿಗೆ ತೆಗೆದೇ ಇರುತ್ತಿದ್ದರು. ನನ್ನ ಬಾಯಿಗೆ ಮಣ್ಣು ಬೀಳಲಿ.

ಆ ವರ್ಷ ಹಲಗೆಗಳ ಮೇಲಿನ ಸಾಲು ತೆಗೆದು, ಕೆಳಗಿನ ಸಾಲು ಹಾಗೇ ಬಿಟ್ಟಿದ್ದರು. ಮೇಲಿನಿಂದ ಬರುವವನಿಗೆ ನೀರು ಸಪಾಟಾಗಿಯೇ ಕಾಣುತ್ತದೆ. ಹಲಗೆ ಹಾರಿ ಕೆಳಗೆ ಬಿದ್ದ ನೀರು ಅಲ್ಲೇ ಮಗುಚಿ ಮಗುಚಿ ಸುತ್ತುತ್ತದೆ, ಒಳಗೆ ಸಿಕ್ಕವರನ್ನು ಬಿಡುವುದಿಲ್ಲ. ಚಾಚಾನನ್ನು ಹೊರಗೆ ತೆಗೆಯಲು ಮರುದಿನ ಮಧ್ಯಾಹ್ನವಾಯಿತು. ತೇಪೆ ಬಿಚ್ಚಿ ಮುಳುಗಿದರೆಂದು ಊರು ಮಾತಾಡಿತು. ದೋಣಿಯನ್ನು ನಾನು ಮುಟ್ಟಿ ನೋಡಿದೆ, ತೇಪೆ ಒಂದು ಎಳೆಯೂ ಎದ್ದಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಚಾಚಿ ನನ್ನನ್ನು ಕರೆಸಿದರು. ಕೊನೆಯ ಫೋನ್ ನನಗೆ ಬಂದದ್ದೆಂದು ಪೊಲೀಸರು ಹೇಳಿದ್ದರಂತೆ.

'ಕಡೀಕ ಏನಂದ್ರು ತಮ್ಮಾ?'

'ಚಾಚಿಗೆ ಹೇಳು, ನಾಳೆ ಊಟಕ್ಕ ಮನಿಗೇ ಬರ್ತೇನಿ ಅಂದ್ರು.'

ಹೇಗೆ ಬಂತೋ ಆ ಸುಳ್ಳು. ಚಾಚಿ ಸೆರಗು ಬಾಯಿಗೊತ್ತಿಕೊಂಡು ಅತ್ತರು, ಅತ್ತು ಹಗುರಾದರು. ಅಂದಿನಿಂದ ಪ್ರತಿ ವರ್ಷ ರಂಜಾನ್ ಹಬ್ಬಕ್ಕೆ ನನ್ನನ್ನು ಕರೆದು, ಸುರಕುಂಬಾ ಪಾಯಸ ಕೊಟ್ಟು, ಆ ಮಾತನ್ನು ಮತ್ತೆ ಹೇಳಿಸುತ್ತಾರೆ. ನಾನು ಹೇಳುತ್ತೇನೆ.

ಈ ವರ್ಷ ಖರೆ ಹೇಳಿಯೇ ಬಿಡುತ್ತೇನೆಂದು ಗಟ್ಟಿ ಮನಸ್ಸು ಮಾಡಿ ಹೋಗಿದ್ದೆ. ಚಾಚಿ ಈಗ ಪೂರ್ತಿ ಹಣ್ಣಾಗಿದ್ದಾರೆ. ತವರಿನಿಂದ ಬಂದವರಿಗೆ ತಾವೇ ಆ ಕತೆ ಹೇಳುತ್ತಿದ್ದರು. 'ನೀರಾಗ ಇದ್ರೂ ನನ್ನ ಊಟ ನೆನಿಸಿದ್ರು' ಎಂದು ನನ್ನತ್ತ ತಿರುಗಿ, 'ಹೌದಲ್ಲ ತಮ್ಮಾ?' ಎಂದರು.

'ಹೌದ್ರಿ ಚಾಚಿ' ಅಂದೆ.

ಚಾಚಾ ನಿಜವಾಗಿ ಅಂದದ್ದು ಬೇರೆ. ನಾನು 'ಸೀದಾ ಬರ್ರಿ' ಅಂದ ಮೇಲೆ ನೀರಿನ ಸದ್ದಿನ ನಡುವೆಯೇ ಅವರು ಅಂದರು, 'ನೀ ನೋಡೀಯಲ್ಲ, ಅಷ್ಟ ಸಾಕು.'